ಸೀಸರ್‌ನ ‘ಡಿಕ್ಟೇಟರ್’ ಪದವಿಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಪ್ರಾಚೀನ ರೋಮ್‌ನ ನಾಯಕ ಜೂಲಿಯಸ್ ಸೀಸರ್‌ನ ಬಗ್ಗೆ ಒಂದು ಚಿಕ್ಕ ಬರಹ ಸಿದ್ಧಮಾಡುತ್ತಿದ್ದೇನೆ. ಒಂದು ಪದ ನನ್ನನ್ನು ತುಂಬಾ ಕಾಡುತ್ತಿದೆ. ಕರಡನ್ನು ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟಿದ್ದೆ. ಓದಿ ಮುಗಿಸಿ ಅವಳು ಕೇಳಿದಳು: “ಮಾಮ, ಕ್ರಿ.ಪೂ. 49ರಲ್ಲೇ ಅವನು ಸರ್ವಾಧಿಕಾರಿ ಆಗಿದ್ದ ಅಲ್ವಾ? ಆಗ ಸುಮ್ನಿದ್ದವರು ಐದು ವರ್ಷ ಬಿಟ್ಟು ಯಾಕೆ ಕೊಂದ್ರು?”

ತಪ್ಪು ಅವಳದ್ದಲ್ಲ, ನಾನು ಬಳಸಿದ ಪದದ್ದು. ‘ಸರ್ವಾಧಿಕಾರಿ’ ಎಂದರೆ ನಮಗೀಗ ಹಿಟ್ಲರ್, ಮುಸೊಲಿನಿ ನೆನಪಾಗುತ್ತಾರೆ. ರೋಮ್‌ನ ಡಿಕ್ಟೇಟರ್ ಹಾಗಲ್ಲ. ಅದು ಕಾನೂನಿನಲ್ಲೇ ಇದ್ದ ಪದವಿ. ಯುದ್ಧವೋ ಗಲಭೆಯೋ ಬಂದಾಗ ಕಾನ್ಸಲ್ ಎಂಬ ಮುಖ್ಯ ಅಧಿಕಾರಿ ಆ ಪದವಿಗೆ ಒಬ್ಬನನ್ನು ಹೆಸರಿಸುತ್ತಿದ್ದ. ಕೆಲಸ ಮುಗಿಸಿ ಅವನು ಇಳಿಯಬೇಕು. ಹೆಚ್ಚೆಂದರೆ 6 ತಿಂಗಳು. ಚುನಾವಣೆ ನಡೆಸಿಕೊಡುವುದಕ್ಕೇ ಡಿಕ್ಟೇಟರ್ ಆದವರೂ ಇದ್ದಾರೆ. ಸೀಸರ್ ಮೊದಲ ಸಲ ಆದದ್ದೂ ಹಾಗೆಯೇ. ರುಬಿಕಾನ್ ಹೊಳೆ ದಾಟಿ ರೋಮ್ ಹಿಡಿದ ವರ್ಷ, ಚುನಾವಣೆ ನಡೆಸಿ 11 ದಿನಕ್ಕೇ ಆ ಪದವಿ ಬಿಟ್ಟ.

‘ರಾಜ’ ಪದದ ಕಥೆ ಇದಕ್ಕೆ ಸರಿಯಾಗಿ ತಿರುಗುಮುರುಗು. ನಾವು ಮಗುವನ್ನು ಮುದ್ದಿನಿಂದ ‘ನನ್ನ ರಾಜ’ ಅಂತೀವಿ. ರೋಮನ್ನರಿಗೆ ‘ರೆಕ್ಸ್’ ಅಸಹ್ಯದ ಮಾತು. ಕೊನೆಯ ರಾಜ ಟಾರ್ಕ್ವಿನನನ್ನು ಕ್ರಿ.ಪೂ. 509ರಲ್ಲಿ ಓಡಿಸಿದೆವು ಎಂಬುದು ಅವರ ಹೆಮ್ಮೆ. ಜನರಲ್ಲಿ ಕೆಲವರು ತನ್ನನ್ನು ‘ರೆಕ್ಸ್’ ಎಂದು ಕೂಗಿದಾಗ ಸೀಸರ್, ನಾನು ರೆಕ್ಸ್ ಅಲ್ಲ, ಸೀಸರ್ ಎಂದನಂತೆ. ರೆಕ್ಸ್ ಎನ್ನುವುದು ಒಂದು ಮನೆತನದ ಹೆಸರೂ ಆಗಿತ್ತು, ಅವನ ಅಜ್ಜಿ ಆ ಮನೆತನದವಳು. ಮಾತಿನಲ್ಲಿ ಆ ಶ್ಲೇಷೆಯೂ ಇದೆ. ಅಂದರೆ ಅವರಿಗೆ ಗೌರವದ್ದಾಗಿದ್ದ ಪದ ನಮಗೆ ಬೈಗುಳ, ನಮಗೆ ಗೌರವದ್ದು ಅವರಿಗೆ ಬೈಗುಳ. ಎರಡನ್ನೂ ಸುಮ್ನೆ ಕನ್ನಡಕ್ಕೆ ತಂದರೆ ಕಥೆಯ ಕೀಲೇ ಕಳಚುತ್ತದೆ.

ಹಾಗಂತ ‘ಸರ್ವಾಧಿಕಾರಿ’ ಮೊದಲಿನಿಂದಲೂ ಕೆಟ್ಟ ಪದವೇನಲ್ಲ. ಹೊಯ್ಸಳರ ಶಾಸನಗಳಲ್ಲಿ ‘ಮಹಾಪ್ರಧಾನ’ ಜೊತೆಗೇ ‘ಸರ್ವಾಧಿಕಾರಿ’ ಎಂಬ ಬಿರುದು ಬರುತ್ತದೆ. 18ನೇ ಶತಮಾನದ ಮೈಸೂರಿನಲ್ಲಿ ಅಣ್ಣ ದೇವರಾಜಯ್ಯ ದಳವಾಯಿ, ತಮ್ಮ ನಂಜರಾಜಯ್ಯ ಸರ್ವಾಧಿಕಾರಿ. ಆಗ ಅದೊಂದು ದೊಡ್ಡ ಹುದ್ದೆ, ಅಷ್ಟೇ. ಆ ಹಳೆಯ ಅರ್ಥವನ್ನು ಇಲ್ಲಿ ಎತ್ತಿಕೊಳ್ಳಬಹುದೇ? ಒಂದು ತೊಡಕಿದೆ. ನಮ್ಮ ಸರ್ವಾಧಿಕಾರಿಯ ಮೇಲೆ ಹೆಸರಿಗಾದರೂ ರಾಜನಿದ್ದ. ಅವಧಿಯ ಮಿತಿಯೂ ಆ ಪದದಲ್ಲಿ ಕಾಣುವುದಿಲ್ಲ.

ಅದಕ್ಕೆ ಕಚೇರಿ ಕನ್ನಡದ ಎರಡು ಪದಗಳನ್ನು ಜೋಡಿಸಿ ನೋಡಿದೆ: ಹಂಗಾಮಿ, ಕಾಯಂ. ಡಿಕ್ಟೇಟರ್ ಎಂದರೆ ‘ಹಂಗಾಮಿ ಸರ್ವಾಧಿಕಾರಿ’. ಹೀಗಂದ ಕೂಡಲೇ ಸೀಸರ್ ಏನು ಮಾಡಿದ ಎಂಬುದು ತಾನಾಗಿ ಕಾಣುತ್ತದೆ. ಮೊದಲು 11 ದಿನ. ಕ್ರಿ.ಪೂ. 48ರಲ್ಲಿ ಅಂತರ್ಯುದ್ಧದ ಎದುರಾಳಿ ಪಾಂಪೆಯನ್ನು ಸೋಲಿಸಿದ ಮೇಲೆ ಒಂದು ವರ್ಷಕ್ಕೆ. 46ರಲ್ಲಿ ಹತ್ತು ವರ್ಷಕ್ಕೆ. 44ರ ಫೆಬ್ರವರಿ ಹೊತ್ತಿಗೆ ‘ಡಿಕ್ಟೇಟರ್ ಪರ್ಪೆಟುವೊ’, ಅಂದರೆ ಕಾಯಂ. ತನ್ನ ಮುಖದ ಜೊತೆ ಆ ಪದವಿಯನ್ನು ನಾಣ್ಯದ ಮೇಲೂ ಅಚ್ಚುಹಾಕಿಸಿದ. ಮಾರ್ಚ್ 15ಕ್ಕೆ ಕೊಂದರು. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಆ ಒಂದು ಪದದಲ್ಲೇ ಇದೆ. ಸಹಿಸಲಾಗದ್ದು ಸರ್ವಾಧಿಕಾರವಲ್ಲ, ಅದು ಕಾಯಂ ಆದದ್ದು.

ಸುಲ್ಲಾ ಎಂಬವನು ಇದಕ್ಕಿಂತ ಮುಂಚೆ ಅವಧಿಯಿಲ್ಲದೆ ಡಿಕ್ಟೇಟರ್ ಆಗಿದ್ದ, ನಿಜ. ಆದರೆ ಆಮೇಲೆ ತಾನಾಗಿ ಬಿಟ್ಟುಕೊಟ್ಟ. ಹಾಗೆ ಬಿಟ್ಟ ಸುಲ್ಲಾನಿಗೆ ಅಕ್ಷರವೇ ಗೊತ್ತಿರಲಿಲ್ಲ ಎಂದು ಸೀಸರ್ ಹೇಳಿದನಂತೆ. ಅದನ್ನು ದಾಖಲಿಸಿದವನು ಸೀಸರ್‌ನ ವಿರೋಧಿ, ಅದೂ ನೆನಪಿರಲಿ. ನಮ್ಮ ಶಾಲೆಗಳ ‘ಡಿಕ್ಟೇಷನ್’ ಇದೆಯಲ್ಲ, ಅದಕ್ಕೂ ಡಿಕ್ಟೇಟರಿಗೂ ಲ್ಯಾಟಿನ್ ಬೇರು ಒಂದೇ. ಅದರ ಮೇಲೇ ಈ ಶ್ಲೇಷೆ ಇದೆ ಅನಿಸುತ್ತದೆ. ‘ಉಕ್ತಲೇಖನ’ ಎಂದು ಹಾಕಿದರೆ ಅದು ಉಳಿಯುವುದಿಲ್ಲ. ಯಾರಿಗಾದರೂ ದಾರಿ ಹೊಳೆದರೆ ತಿಳಿಸಿ.

ಇನ್ನೊಂದು ಪದ ‘ಕ್ಲೆಮೆಂಟಿಯಾ’. ಸೋತವರನ್ನು ಕೊಲ್ಲದೆ ಬಿಡುವ ಸೀಸರ್‌ನ ಗುಣಕ್ಕೆ ರೋಮನ್ನರು ಬಳಸಿದ ಪದ. ಅವನನ್ನು ಕೊಂದವರಲ್ಲಿ ಮುಖ್ಯರಾದ ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಪಾಂಪೆಯ ಕಡೆಯವರಾಗಿದ್ದು ಹೀಗೆ ಉಳಿದವರೇ. ನಾನು ‘ಕ್ಷಮೆ’, ‘ಕರುಣೆ’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಅವು ಕೊಡುವವನ ಕಡೆಯಿಂದ ನೋಡುವ ಪದಗಳು. ಪಡೆದವನ ಕಡೆಯಿಂದ ನೋಡಿದರೆ ಅದು ‘ಹಂಗು’. ನಿನ್ನೆವರೆಗೆ ಸರಿಸಮಾನನಾಗಿದ್ದವನ ಹಂಗಿನಲ್ಲಿ ಉಸಿರಾಡುವುದು. ಪಾಂಪೆಯ ಕಡೆಯವನೇ ಆದ ಕೇಟೊ ಇದನ್ನೇ ಒಪ್ಪಲಿಲ್ಲ. ತನ್ನ ಮೇಲೆ ಅಧಿಕಾರವೇ ಇಲ್ಲದವನು ತನ್ನನ್ನು ಉಳಿಸಿದ ಎನ್ನಿಸಿಕೊಳ್ಳುವುದು ಬೇಡವೆಂದು ಕ್ರಿ.ಪೂ. 46ರಲ್ಲಿ ಆಫ್ರಿಕಾದ ಯುಟಿಕಾದಲ್ಲಿ ಪ್ರಾಣ ಬಿಟ್ಟ. ಸೀಸರ್‌ನನ್ನು ಕೊಲ್ಲುವ ಸಂಚಿನಲ್ಲಿ 60ಕ್ಕೂ ಜಾಸ್ತಿ ಜನ ಸೇರಿದ್ದರು. ಸೀಸರ್‌ನ ಸ್ವಂತ ಪಕ್ಷದವರೂ ಅವರಲ್ಲಿದ್ದರು. ಹಾಗಾಗಿ ಎಲ್ಲವನ್ನೂ ಹಂಗಿಗೆ ಕಟ್ಟಲಾರೆ. ಆದರೂ ಬ್ರೂಟಸನ ಮನಸ್ಸನ್ನು ಹೇಳಲು ಇದಕ್ಕಿಂತ ಒಳ್ಳೆಯ ಕನ್ನಡ ಪದ ನನಗೆ ಸಿಕ್ಕಿಲ್ಲ. (ಹಂಗಿಗೂ ಹಂಗಾಮಿಗೂ ನಂಟಿಲ್ಲ. ಹಂಗಾಮು ಪಾರ್ಸಿ ಕಡೆಯಿಂದ ಬಂದದ್ದು.)

ಕೇಳಬೇಕಾದ್ದು ಇಷ್ಟು. ‘ಹಂಗಾಮಿ ಸರ್ವಾಧಿಕಾರಿ’ ಎಂದರೆ ಬೇರೆ ಯಾರದೋ ಬದಲಿಗೆ ಕೂತವನು ಎಂಬ ಅರ್ಥ ಬಂದುಬಿಡುತ್ತದೆಯೇ? ಹಾಗಿದ್ದರೆ ‘ಆಪತ್ತಿನ ಅಧಿಕಾರಿ’ ಹೇಗೆ? ಅಥವಾ ‘ಡಿಕ್ಟೇಟರ್’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡಲೇ? ಶಾಲೆಯಲ್ಲಿ ಚರಿತ್ರೆ ಕಲಿಸುವವರು ಇದ್ದರೆ, ಮಕ್ಕಳಿಗೆ ಯಾವುದು ಹತ್ತುತ್ತದೆ ಎಂದು ದಯವಿಟ್ಟು ಹೇಳಿ.