ಹಟ್ಟಿ: ಕೊಟ್ಟಿಗೆಯೋ, ಮನೆಯೋ, ಊರೋ?

ಉಡುಪಿ ಕಡೆಯ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಇದು. "ನಮ್ಮಲ್ಲಿ ಹಟ್ಟಿ ಅಂದರೆ ದನ ಕಟ್ಟುವ ಜಾಗ. ನಿಮ್ಮ ಚಿತ್ರದುರ್ಗದಲ್ಲಿ ನಾಯಕನಹಟ್ಟಿ ಅಂತ ಊರೇ ಇದೆಯಲ್ಲ. ನಾಯಕ ದನ ಕಟ್ಟುತ್ತಿದ್ದ ಕೊಟ್ಟಿಗೆಯಾ ಅದು?"

ಪ್ರಶ್ನೆ ಬಹಳ ಚೆನ್ನಾಗಿದೆ. ಸುಮ್ನೆ ಒಂದು ಸಾಲಿನ ಉತ್ತರ ಕೊಟ್ಟರೆ ಪದಕ್ಕೆ ಅನ್ಯಾಯ ಆಗುತ್ತದೆ. ಹಟ್ಟಿ ಅನ್ನುವ ಪದ ಕನ್ನಡ ನಾಡಿನಲ್ಲಿ ಊರಿಂದೂರಿಗೆ ಅರ್ಥ ಬದಲಿಸುತ್ತಾ ಹೋಗಿದೆ. ಆದರೆ ಆ ಬದಲಾವಣೆಗೆ ಒಂದು ದಾರಿ ಇದೆ ಅಂತ ನನ್ನ ಎಣಿಕೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಮೊದಲು ಬಳಕೆ ನೋಡೋಣ. ಕರಾವಳಿಯಲ್ಲಿ ಹಟ್ಟಿ ಅಂದರೆ ಮಾಡು ಇರುವ ಕಟ್ಟಡ, ಒಳಗೆ ದನ. ಅಲ್ಲಿಂದ ಬಂದ ಗೊಬ್ಬರ ಹಟ್ಟಿಗೊಬ್ಬರ. ದಾವಣಗೆರೆ ಕಡೆ ಅದನ್ನು ಕೊಟ್ಟಿಗೆ ಗೊಬ್ಬರ, ತಿಪ್ಪೆಗೊಬ್ಬರ ಅನ್ನುತ್ತೇವೆ. ದನ ಕಟ್ಟುವ ಜಾಗಕ್ಕೂ ನಮ್ಮಲ್ಲಿ ಕೊಟ್ಟಿಗೆ ಅಥವಾ ದನದ ಮನೆ ಅಂತಲೇ ಹೆಸರು. ಮೇವು ಹಾಕುವುದು ಗ್ವಾದಲಿಗೆ. ಹಳೇ ಕಾಲದ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಒಂದು ಕಡೆ ಎತ್ತುಗಳು, ಸ್ವಲ್ಪ ಎತ್ತರದಲ್ಲಿ ಪಡಸಾಲೆ. ಒಂದೇ ಸೂರಿನ ಕೆಳಗೆ ಎಲ್ಲರೂ. ಆ ಜಾಗಕ್ಕೆ ಹಟ್ಟಿ ಅಂತ ಯಾರೂ ಕರೆಯುವುದಿಲ್ಲ.

ಚಾಮರಾಜನಗರ, ಕೊಳ್ಳೇಗಾಲದ ಕಡೆ ಹೋದರೆ ಹಟ್ಟಿ ಅಂದರೆ ಮನೆಯೇ. "ಅಟ್ಟಿಗೆ ಬಾ" ಅಂದರೆ ಮನೆಗೆ ಬಾ ಅಂತ. ಹಕಾರ ಉದುರಿ ಅಟ್ಟಿ ಆಗಿದೆ ಅಷ್ಟೇ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಮನೆಯ ಮುಂದಿನ ಅಂಗಳಕ್ಕೂ ಈ ಹೆಸರಿದೆ.

ಇನ್ನು ಚಿತ್ರದುರ್ಗ. ಇಲ್ಲಿ ಹಟ್ಟಿ ಅಂದರೆ ಜನ ಇರುವ ಸಣ್ಣ ಊರು. ಗೊಲ್ಲರಹಟ್ಟಿ, ಕುರುಬರಹಟ್ಟಿ, ನಾಯಕರ ಹಟ್ಟಿ, ಜೋಗಿಹಟ್ಟಿ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋದರೆ ಹಳ್ಳಿಗಿಂತ ಹಟ್ಟಿಯ ಬೋರ್ಡುಗಳೇ ಜಾಸ್ತಿ ಇವೆಯೇನೋ ಅನಿಸುತ್ತದೆ. ಹಳ್ಳಿಗೂ ಹಟ್ಟಿಗೂ ಇಲ್ಲಿ ಸ್ಪಷ್ಟ ವ್ಯತ್ಯಾಸ ಇದೆ. ಹಳ್ಳಿಯಲ್ಲಿ ಹಲವು ಜಾತಿಯವರು, ಬೇರೆ ಬೇರೆ ಕಸುಬಿನವರು ಇರುತ್ತಾರೆ. ಹಟ್ಟಿಯಲ್ಲಿ ಹೆಚ್ಚಾಗಿ ಒಂದೇ ಸಮುದಾಯ, ಎಷ್ಟೋ ಕಡೆ ಒಂದೇ ಬೆಡಗಿನವರು, ಅಂದರೆ ಒಂದೇ ಕುಲದವರು, ಜೊತೆಗೆ ಅವರ ದನ ಕುರಿ. ಹಟ್ಟಿಗೆ ತನ್ನದೇ ಯಜಮಾನ, ತನ್ನದೇ ದೇವರು. ಕಂದಾಯ ಗ್ರಾಮ ಮಾಡುವ ಸರ್ಕಾರಿ ಕಾಗದಗಳಲ್ಲೂ ತಾಂಡಾ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್ ಇವುಗಳ ಸಾಲಿನಲ್ಲೇ ಗೊಲ್ಲರಹಟ್ಟಿ, ಕುರುಬರಹಟ್ಟಿ ಬರುತ್ತವೆ. ಅಂದರೆ ಹಳ್ಳಿಯ ಲೆಕ್ಕಕ್ಕೆ ಎಷ್ಟೋ ಕಾಲ ಸೇರದೆ ಹೊರಗುಳಿದ ನೆಲೆಗಳು ಇವು.

ಕೊಟ್ಟಿಗೆ, ಅಂಗಳ, ಮನೆ, ಊರು. ಇವುಗಳಲ್ಲಿ ಯಾವುದು ಮೊದಲು?

ಕೊಟ್ಟಿಗೆಯೇ ಮೊದಲು, ಅದು ಬೆಳೆದು ಊರಾಯಿತು ಅಂತ ಹೇಳುವುದು ಸುಲಭ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಯಾಕೆ ಅಂದರೆ ನಮ್ಮ ಕಡೆ ಕುರಿಗಾರರು ಆಡುವ ಮಾತು ಕೇಳಿ. ಸುಗ್ಗಿ ಮುಗಿದ ಮೇಲೆ ಅವರು ಮಂದೆ ಹೊಡೆದುಕೊಂಡು ಬರುತ್ತಾರೆ. ಗೊಬ್ಬರ ಆಗಲಿ ಅಂತ ರೈತರೇ ಕರೆದು ಹೊಲದಲ್ಲಿ ಕುರಿ ತರುಬಿಸುತ್ತಾರೆ, ಅಂದರೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಕುರಿಗಳ ಸುತ್ತ ಬಲೆ ಕಟ್ಟುತ್ತಾರೆ, ಪಕ್ಕದಲ್ಲಿ ಕಂಬಳಿ ಹೊದ್ದು ಮಲಗುತ್ತಾರೆ. "ಇವತ್ತು ಎಲ್ಲಿ ಹಟ್ಟಿ ಹಾಕಿದ್ದೀರಿ?" ಅಂತ ಅವರನ್ನು ಕೇಳುತ್ತಾರೆ. ಅಲ್ಲಿ ಗೋಡೆ ಇಲ್ಲ, ಮಾಡು ಇಲ್ಲ, ಕಂಬ ಇಲ್ಲ. ಬೆಳಗಾದರೆ ಬಲೆ ಸುತ್ತಿಕೊಂಡು ಮುಂದಿನ ಹೊಲಕ್ಕೆ ಹೊರಡುತ್ತಾರೆ. ಆದರೂ ಅದು ಹಟ್ಟಿ. ಹಾಗಿದ್ದರೆ ಹಟ್ಟಿ ಅಂದರೆ ಕಟ್ಟಡ ಅಲ್ಲ ಅಂತ ಆಯಿತಲ್ವಾ? ಜಾನುವಾರು ರಾತ್ರಿ ಒಟ್ಟಾಗಿ ಮಲಗುವ, ಸುತ್ತ ಬೇಲಿ ಇರುವ ಜಾಗ. ಬೇಲಿ ಮುಳ್ಳಿನದೋ, ಕಲ್ಲಿನದೋ, ಬಲೆಯದೋ, ಅದು ಆಮೇಲಿನ ಮಾತು.

ಕುರಿ ದನ ಸಾಕುವ ಕಾಡುಗೊಲ್ಲ ಸಮುದಾಯದ ಹಳೆಯ ಹಟ್ಟಿಗಳು ಹೇಗಿದ್ದವು ಅನ್ನುವುದು ಈ ಅರ್ಥಕ್ಕೆ ಇನ್ನೂ ಬಲ ಕೊಡುತ್ತದೆ. ಜಾಲಿ ಮುಳ್ಳು, ಕಾರೆ ಮುಳ್ಳು, ಬಾರೆ ಮುಳ್ಳು ಕಡಿದು ತಂದು ಸುತ್ತ ಎತ್ತರಕ್ಕೆ ಒಟ್ಟಿ ಬೇಲಿ ಮಾಡುತ್ತಿದ್ದರು. ತೋಳ, ಕಿರುಬ ಒಳಗೆ ನುಗ್ಗಬಾರದು. ಆ ಬೇಲಿಯ ಒಳಗೇ ಗುಡ್ಲುಗಳು, ಒಳಗೇ ಕುರಿ ದನ, ಒಳಗೇ ದೇವರು. ಜನಕ್ಕೊಂದು ಬೇಲಿ, ಕುರಿಗೊಂದು ಬೇಲಿ ಅಂತ ಭೇದ ಇರಲಿಲ್ಲ. ಮುಳ್ಳಿಗೂ ಈ ಜನಕ್ಕೂ ಇರುವ ನಂಟು ಎಷ್ಟು ಗಟ್ಟಿ ಅಂದರೆ, ಚಳ್ಳಕೆರೆ ಸೀಮೆಯ ಕ್ಯಾತಪ್ಪನ ಜಾತ್ರೆಯಲ್ಲಿ ದೇವರ ಗುಡಿಯನ್ನೇ ಮುಳ್ಳಿನಿಂದ ಕಟ್ಟುತ್ತಾರೆ. ಭಕ್ತರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಹತ್ತಿ ತುದಿಯ ಕಳಶ ಕೀಳುತ್ತಾರೆ. ನೋಡಿದವರಿಗೆ ಮೈ ಜುಂ ಅನ್ನುತ್ತದೆ.

ದನ ಸಾಕುವ ಇನ್ನೊಂದು ಸಮುದಾಯವಾದ ಮ್ಯಾಸಬೇಡರ ಹಟ್ಟಿಗಳಲ್ಲೂ ಹೀಗೇ ದನವೇ ನಡುವೆ. ಅಲ್ಲಿ ದೇವರ ಎತ್ತುಗಳಿವೆ. ಅವನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಕಾಯುವವನು ಕಿಲಾರಿ. ಅವುಗಳನ್ನು ಕೂಡಿಹಾಕುವ ಮುಳ್ಳು ಬೇಲಿಯ ಜಾಗಕ್ಕೆ ರೊಪ್ಪ ಅನ್ನುವ ಇನ್ನೊಂದು ಪದ ಇದೆ. ತೆಲುಗಿನಲ್ಲೂ ಈ ಪದ ಇದೆ. ಗಡಿ ಪಕ್ಕದಲ್ಲೇ ಇರುವುದರಿಂದ ಮೊಳಕಾಲ್ಮೂರು ಕಡೆ ಎರಡು ಭಾಷೆಯೂ ಒಂದೇ ಬಾಯಲ್ಲಿ ಬರುತ್ತವೆ. ಕುರಿ ದನದ ಬೇಲಿಗೆ ರೊಪ್ಪ ಅನ್ನುವ ಹೆಸರು ನಿಂತ ಕಡೆ, ಹಟ್ಟಿ ಅನ್ನುವುದು ಜನರ ನೆಲೆಗೆ ಬಿಡುವಾಗಿ ಸಿಕ್ಕಿತು ಅಂತ ನನಗೆ ಅನಿಸುತ್ತದೆ. ಒಂದು ಪದ ಬಂದು ಇನ್ನೊಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸುವುದು ಎಲ್ಲ ಭಾಷೆಯಲ್ಲೂ ಇರುವುದೇ.

ಈಗ ಗೆಳೆಯರ ಪ್ರಶ್ನೆಗೆ ಹತ್ತಿರ ಬರಬಹುದು. ಬೇಲಿ ಹಾಕಿದ ತಂಗುದಾಣ ಅನ್ನುವುದು ಮೂಲ ಅರ್ಥ ಅಂತ ಇಟ್ಟುಕೊಳ್ಳಿ. ಕರಾವಳಿಯಲ್ಲಿ ಜಡಿಮಳೆ. ಬಯಲಲ್ಲಿ ಬೇಲಿ ಹಾಕಿ ದನ ಬಿಟ್ಟರೆ ಆಷಾಢದಲ್ಲಿ ಉಳಿಯುವುದು ಕಷ್ಟ. ಹಾಗಾಗಿ ಅಲ್ಲಿ ಹಟ್ಟಿಗೆ ಮಾಡು ಬಂತು, ಅದು ದನದ ಕಟ್ಟಡ ಆಯಿತು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಹುಲ್ಲುಗಾವಲು ಜಾಸ್ತಿ. ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ಇಲ್ಲಿ ಸಾವಿರಾರು ಎಕರೆ ಇದ್ದವು. ನಾಯಕನಹಟ್ಟಿ ಹತ್ತಿರದ ಕುದಾಪುರದ ಕಾವಲಿನಲ್ಲಿ ಈಗ ವಿಜ್ಞಾನ ಸಂಸ್ಥೆಗಳು ಬಂದಿವೆ. ಇಂಥ ಕಡೆ ದನಕ್ಕೆ ಸೂರಿಗಿಂತ ಬೇಲಿ ಮುಖ್ಯ. ಬೇಲಿ ಹಾಕಿದವರು ಅದರೊಳಗೇ ಗುಡ್ಲು ಕಟ್ಟಿಕೊಂಡರು. ಹಟ್ಟಿ ಊರಾಯಿತು. ದಕ್ಷಿಣದಲ್ಲಿ ಒಂದೊಂದು ಸಂಸಾರಕ್ಕೆ ಒಂದೊಂದು ಅಂಗಳ, ಅದರಲ್ಲಿ ಅವರ ಎರಡು ಹಸು. ಹಟ್ಟಿ ಮನೆಯಾಯಿತು. ಮೂರೂ ಕಡೆ ಬೇರು ಒಂದೇ.

ಹಟ್ಟಿಯ ಮೊದಲ ರೂಪ ಪಟ್ಟಿ. ಹಳಗನ್ನಡದ ಪಕಾರ ಮುಂದೆ ಹಕಾರ ಆದದ್ದು ನಮಗೆಲ್ಲ ಗೊತ್ತಿರುವುದೇ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೇ ಪಟ್ಟಿ ಹಟ್ಟಿಯಾಯಿತು. ತಮಿಳಿನಲ್ಲಿ ಈ ಬದಲಾವಣೆ ಆಗಲಿಲ್ಲ. ಅಲ್ಲಿ ಇವತ್ತಿಗೂ ಪಟ್ಟಿ ಅಂದರೆ ಕುರಿ ದನದ ದೊಡ್ಡಿ, ಸಣ್ಣ ಊರು ಅಂತಲೂ ಅರ್ಥ. ಕೋವಿಲ್‌ಪಟ್ಟಿ, ಉಸಿಲಂಪಟ್ಟಿ ಇವೆಲ್ಲ ನಮ್ಮ ಹಟ್ಟಿಗಳ ದಾಯಾದಿಗಳು. ನೀಲಗಿರಿಯ ಬಡಗರು ತಮ್ಮ ಊರುಗಳಿಗೆ ಹಟ್ಟಿ ಅಂತಲೇ ಅನ್ನುತ್ತಾರೆ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಸುತ್ತ ತಮಿಳಿನ ಪಟ್ಟಿಗಳಿದ್ದರೂ ಅವರ ಬಾಯಲ್ಲಿ ಹಕಾರವೇ ಉಳಿದಿದೆ.

ಪಟ್ಟಿಗೂ ಹಿಂದೆ ಹೋದರೆ ಪಡು ಅನ್ನುವ ಧಾತು ಸಿಗುತ್ತದೆ ಅನ್ನುವವರಿದ್ದಾರೆ. ಪಡು ಅಂದರೆ ಒರಗು, ಮಲಗು. ಸೂರ್ಯ ಇಳಿಯುವ ದಿಕ್ಕು ಪಡುವಣ ಆದದ್ದೂ ಇಲ್ಲಿಂದಲೇ. ಇಡು–ಇಟ್ಟು, ಸುಡು–ಸುಟ್ಟು, ಪಡು–ಪಟ್ಟು ಅಂತ ಡಕಾರ ಗಟ್ಟಿಯಾಗುವುದು ಕನ್ನಡಕ್ಕೆ ಸಹಜ. ಪಟ್ಟಿ ಅಂದರೆ ಮಲಗುವ ತಾಣ ಅಂತ ಆಗುತ್ತದೆ. ನನಗೆ ಈ ವಿವರಣೆ ಒಪ್ಪಿಗೆ. ಕುರಿಗಾರರ ಒಂದು ರಾತ್ರಿಯ ಹಟ್ಟಿಗೆ ಇದು ಅಳತೆ ತೆಗೆದಂತೆ ಕೂಡುತ್ತದೆ. ಇದಕ್ಕೆ ಜೋಡಿಯೂ ಇದೆ. ಬಿಡು ಅನ್ನುವುದರಿಂದ ಬೀಡು ಬಂತು. ಪ್ರಯಾಣದಲ್ಲಿ ಬಿಡಾರ ಬಿಟ್ಟ ಜಾಗ ಬೀಡು, ದನ ಮಲಗಿದ ಜಾಗ ಪಟ್ಟಿ. ಎರಡೂ ಮುಂದೆ ಊರಿನ ಹೆಸರುಗಳಾದವು.

ಇಷ್ಟರ ನಡುವೆ ನನಗೆ ಬಹಳ ಇಷ್ಟವಾದ ಸಾಕ್ಷಿ ಒಂದು ಹಬ್ಬ. ದಾವಣಗೆರೆ, ಹಾವೇರಿ ಕಡೆಯ ಹಳ್ಳಿಗಳಲ್ಲಿ ದೀಪಾವಳಿಯ ಪಾಡ್ಯಕ್ಕೆ ಹಟ್ಟಿಹಬ್ಬ ಅನ್ನುತ್ತಾರೆ. ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಕ್ಕಿಸಿ, ಬಾಗಿಲ ಹೊಸ್ತಿಲ ಪಕ್ಕ ಕೂರಿಸುತ್ತಾರೆ. ಎತ್ತು ಹಸುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚುತ್ತಾರೆ. ಗಮನಿಸಿ, ಇಲ್ಲಿ ದಿನದ ಮಾತಿನಲ್ಲಿ ದನದ ಜಾಗಕ್ಕೆ ಕೊಟ್ಟಿಗೆ ಅನ್ನುವವರೇ ಹಬ್ಬದ ದಿನ ಮಾತ್ರ ಹಟ್ಟಿ ಅನ್ನುತ್ತಾರೆ. ಬಳಕೆಯಿಂದ ಜಾರಿದ ಹಳೇ ಅರ್ಥ ಹಬ್ಬದೊಳಗೆ ಉಳಿದುಕೊಂಡಿದೆ. ಆ ಕಡೆ ತಮಿಳರ ಸಂಕ್ರಾಂತಿ ನೋಡಿ. ದನಗಳ ಪೂಜೆಯ ದಿನಕ್ಕೆ ಮಾಟ್ಟು ಪೊಂಗಲ್ ಅಂತ ಎಲ್ಲರಿಗೂ ಗೊತ್ತು. ಕೊಯಮತ್ತೂರು ಕಡೆಯ ಕೊಂಗು ನಾಡಿನಲ್ಲಿ, ಶ್ರೀಲಂಕಾದ ತಮಿಳರಲ್ಲಿ ಅದಕ್ಕೆ ಪಟ್ಟಿ ಪೊಂಗಲ್ ಅಂತಲೂ ಹೆಸರಿದೆ. ಇಲ್ಲಿ ಹಟ್ಟಿಹಬ್ಬ, ಅಲ್ಲಿ ಪಟ್ಟಿ ಪೊಂಗಲ್! ತಿಂಗಳು ಬೇರೆ, ದೇವರು ಬೇರೆ, ಪದ ಒಂದೇ, ಪೂಜೆ ಮಾಡಿಸಿಕೊಳ್ಳುವ ಎತ್ತೂ ಒಂದೇ.

ಕೆಲವು ಪದಗಳನ್ನು ಇದಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳಬಾರದು. ಸಾಮಾನಿನ ಪಟ್ಟಿ, ಗಾಯಕ್ಕೆ ಕಟ್ಟುವ ಪಟ್ಟಿ ಇವು ಸಂಸ್ಕೃತದ ಪಟ್ಟದ ಕಡೆಯವು. ಹಕಾರ ಆಗದೆ ಉಳಿದಿರುವುದೇ ಅವು ಆಮೇಲೆ ಬಂದವು ಅನ್ನುವುದಕ್ಕೆ ಗುರುತು. ಪಂಜಾಬಿನಲ್ಲಿ ಅಂಗಡಿಗೆ ಹಟ್ಟಿ ಅನ್ನುತ್ತಾರೆ. ಮಸಾಲೆ ಪೊಟ್ಟಣದ ಎಂಡಿಎಚ್ ಹೆಸರಿನ ಕೊನೆಯ ಅಕ್ಷರ ಅದೇ ಹಟ್ಟಿ. ಅದು ಸಂತೆ ಅನ್ನುವ ಅರ್ಥದ ಹಟ್ಟ ಎಂಬ ಸಂಸ್ಕೃತ ಪದದಿಂದ ಬಂದದ್ದು. ನಮ್ಮ ಕುರಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಈ ಪದದ ಬಗ್ಗೆ ಅರ್ಧ ಮಾತ್ರ ಹೇಳಿದಂತೆ. ಬೇಲಿ ಅಂದ ಮೇಲೆ ಒಳಗೆ, ಹೊರಗೆ ಅಂತ ಎರಡು ಆಗುತ್ತದೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿ ಮತ್ತು ಹಸುಗೂಸನ್ನು ಹಟ್ಟಿಯಿಂದ ಹೊರಗೆ ಇಡುವ ಪದ್ಧತಿ ಇದೆ. ಮಳೆ ಚಳಿಯಲ್ಲಿ ಅವರು ಪಟ್ಟ ಕಷ್ಟ ಸಣ್ಣದಲ್ಲ. ಅದರ ವಿರುದ್ಧ ಹಟ್ಟಿಯ ಒಳಗಿನಿಂದಲೇ ಹೆಣ್ಣುಮಕ್ಕಳು ಮಾತಾಡುತ್ತಿದ್ದಾರೆ, ಅದು ನಿಲ್ಲಬೇಕು ಅಂತ ನಾನೂ ಬಯಸುತ್ತೇನೆ. ಇನ್ನು ದಲಿತರ ಕೇರಿಗೂ ನಮ್ಮ ಕಡೆ ಹಟ್ಟಿ ಅನ್ನುವ ಬಳಕೆ ಇದೆ. ಅಲ್ಲಿ ಅರ್ಥ ತಿರುಗಿಬಿಟ್ಟಿದೆ. ಗೊಲ್ಲರು ತಮ್ಮನ್ನು ಕಾಪಾಡಿಕೊಳ್ಳಲು ಬೇಲಿ ಹಾಕಿಕೊಂಡರು. ಇಲ್ಲಿ ಊರೇ ಜನರನ್ನು ಹೊರಗಿಟ್ಟು ಆ ಜಾಗವನ್ನು ಹಟ್ಟಿ ಅಂತ ಕರೆಯಿತು. "ಹಟ್ಟಿಯವರು" ಅನ್ನುವಾಗ ದನಿ ಹೇಗಿರುತ್ತದೆ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ನಿಘಂಟಿನಲ್ಲಿ ಅರ್ಥ ಬರೆಯುವವರು ಇದನ್ನೂ ಬರೆಯಬೇಕು.

ಹಾಗಾದರೆ ನಾಯಕನಹಟ್ಟಿ? ಅದು ಪಾಳೆಗಾರರ ಕಾಲದ ಊರು. ನಾಯಕನ ಹಟ್ಟಿ, ಅಂದರೆ ನಾಯಕ ತನ್ನ ಜನ, ತನ್ನ ದನದ ಜೊತೆ ನೆಲೆ ನಿಂತ ಜಾಗ ಅಂತ ಬಿಡಿಸಿಕೊಳ್ಳುವುದು ಸರಿ. ಕೊಟ್ಟಿಗೆ ಅಂತ ಬಿಡಿಸಿದರೆ ಕರಾವಳಿಯ ಅರ್ಥವನ್ನು ಬಯಲುಸೀಮೆಗೆ ಹೊರಿಸಿದಂತೆ ಆಗುತ್ತದೆ. ಈಗ ಅದು ತಿಪ್ಪೇರುದ್ರಸ್ವಾಮಿ ಅನ್ನುವ ಸಂತರ ಕ್ಷೇತ್ರ. "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಅವರ ಮಾತು ಈ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಮನೆಗೊಬ್ಬ ತಿಪ್ಪೇಸ್ವಾಮಿಯೋ ತಿಪ್ಪೇಶಿಯೋ ಸಿಗುತ್ತಾನೆ. ಜಾತ್ರೆ ಫಾಲ್ಗುಣದಲ್ಲಿ. ಆಗ ಇಡೀ ಸೀಮೆಯಲ್ಲಿ "ಹಟ್ಟಿಗೆ ಹೊರಟಿದ್ದೀವಿ" ಅಂದರೆ ಸಾಕು, ಯಾವ ಹಟ್ಟಿ ಅಂತ ಯಾರೂ ಕೇಳುವುದಿಲ್ಲ. ನೂರಾರು ಹಟ್ಟಿಗಳ ನಡುವೆ ಒಂದು ಊರು ಬರೀ ಹಟ್ಟಿ ಅನ್ನುವ ಹೆಸರಲ್ಲೇ ಗುರುತಾಗಿದೆ.

ಓದಿದವರಲ್ಲಿ ಎರಡು ಕೋರಿಕೆ. ಹಿರಿಯೂರು, ಶಿರಾ ಕಡೆಯವರು ಇದ್ದರೆ ಹೇಳಿ, ನಿಮ್ಮಲ್ಲಿ ಹಟ್ಟಿ ಮತ್ತು ರೊಪ್ಪ ಎರಡೂ ಬಳಕೆಯಲ್ಲಿದ್ದರೆ ಯಾವುದು ಕುರಿಗೆ, ಯಾವುದು ದನಕ್ಕೆ? ಹೊನ್ನಾಳಿ, ಹರಿಹರದ ಕಡೆಯವರು ಹಟ್ಟಿ ಲಕ್ಕವ್ವನನ್ನು ಕೂರಿಸುವಾಗ ಹೇಳುವ ಹಾಡು ಅಜ್ಜಿಯರಿಗೆ ನೆನಪಿದ್ದರೆ ಬರೆದು ಕಳಿಸಿ. ಅದರಲ್ಲಿ ಹಟ್ಟಿ ಅನ್ನುವ ಪದ ಯಾವ ಅರ್ಥದಲ್ಲಿ ಬರುತ್ತದೆ, ಕೊಟ್ಟಿಗೆಯೋ ಮನೆಯೋ, ಅದನ್ನು ಅವರ ಬಾಯಲ್ಲೇ ಕೇಳಿ ಬರೆಯಿರಿ.