ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಮದರ್‌ಬೋರ್ಡ್ ಹೋಯಿತಾ?

ಸಾಗರದವ

ನಮಸ್ಕಾರ ಎಲ್ಲರಿಗೂ. ತಂಗಿಗೆ ಆರ್ಕಿಟೆಕ್ಚರ್ ಸೀಟು ಸಿಕ್ಕಿದೆ. ಅವಳಿಗೋಸ್ಕರ ಮನೆಯಲ್ಲೇ ಒಂದು ಪಿಸಿ ಅಸೆಂಬಲ್ ಮಾಡುತ್ತಿದ್ದೇನೆ. ರೈಜನ್ 5 5600, ಬಿ550 ಎಟಿಎಕ್ಸ್ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 650 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ), ಇಷ್ಟೂ ಹೊಸದು. ಕ್ಯಾಬಿನೆಟ್ ಮತ್ತು ಜಿಟಿಎಕ್ಸ್ 1650 ಕಾರ್ಡ್ ಹಳೇ ಪಿಸಿಯದ್ದು.

ಸಮಸ್ಯೆ ಹೀಗಿದೆ. ಹಿಂದಿನ ಸ್ವಿಚ್ ಹಾಕಿದ ತಕ್ಷಣ ಬೋರ್ಡಿನ ಮೇಲಿನ ಸಣ್ಣ ದೀಪ ಉರಿಯುತ್ತದೆ. ಮುಂದಿನ ಪವರ್ ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಆಮೇಲೆ ಎಷ್ಟು ಸಲ ಒತ್ತಿದರೂ ಏನೂ ಇಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು. ಇಲ್ಲಿನ ಒಂದು ಅಂಗಡಿಯಲ್ಲಿ ಫೋಟೋ ತೋರಿಸಿದೆ, ಬೋರ್ಡ್ ಹೋಗಿದೆ, ಬೇರೆ ತಗೊಳ್ಳಿ ಅಂದರು. ಆನ್‌ಲೈನಿನಲ್ಲಿ ತರಿಸಿದ್ದು, ವಾಪಸ್ ಕಳಿಸುವ ಗಡುವು ಹತ್ತಿರ ಬಂದಿದೆ, ಅದಕ್ಕೇ ಗಾಬರಿ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತದೆ.

ಎಸ್‌ಪಿ ರೋಡ್ ಗೆಳೆಯ

ಬ್ರೋ, ಮೊದಲು ಸಿಪಿಯು ಪವರ್ ಕೇಬಲ್ ನೋಡಿ. ಬೋರ್ಡಿನ ಮೇಲ್ಗಡೆ ಎಡ ಮೂಲೆಯಲ್ಲಿ 8 ಪಿನ್ ಸಾಕೆಟ್ ಇರುತ್ತದಲ್ವಾ, ಅದಕ್ಕೆ 4+4 ಅಂತ ಎರಡು ತುಂಡಾಗಿ ಬರುವ ಕೇಬಲ್ ಹಾಕಬೇಕು. 6+2 ಇರುವುದು ಗ್ರಾಫಿಕ್ಸ್ ಕಾರ್ಡಿನದ್ದು, ಅದನ್ನು ಅಲ್ಲಿ ತುರುಕಬಾರದು. ಎಲ್ಲ ಸರಿ ಇದ್ದರೆ ಎಸ್‌ಎಂಪಿಎಸ್ ಮೇಲೇ ನನಗೆ ಅನುಮಾನ. ಸ್ನೇಹಿತರ ಹತ್ತಿರ ಇನ್ನೊಂದು ಇದ್ದರೆ ಹಾಕಿ ನೋಡಿ, ಬೇಗ ಗೊತ್ತಾಗುತ್ತದೆ.

ಹುಬ್ಬಳ್ಳಿ ಬೆಂಚು

ತಮ್ಮಾ, ಏನೂ ವಾಪಸ್ ಕಳಿಸಬೇಡ, ಏನೂ ಕೊಳ್ಳಬೇಡ. ನೀನು ಲಕ್ಷಣ ಚೆನ್ನಾಗಿ ಬರೆದಿದ್ದೀಯ, ಅರ್ಧ ಉತ್ತರ ಅದರಲ್ಲೇ ಇದೆ.

ಬೋರ್ಡಿನ ದೀಪ ಉರಿಯುತ್ತದೆ ಅಂದರೆ ಎಸ್‌ಎಂಪಿಎಸ್‌ನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಿದೆ. ಹಳೇ ಕಾಲದ ಬಣ್ಣದ ವೈರುಗಳಲ್ಲಿ ಅದು ನೇರಳೆ ವೈರು. ಬಟನ್ ಒತ್ತಿದಾಗ ಬೋರ್ಡು ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತದೆ, ಆಗ ಎಸ್‌ಎಂಪಿಎಸ್ ಪೂರ್ತಿ ಚಾಲೂ ಆಗುತ್ತದೆ. ನಿನ್ನದರಲ್ಲಿ ಫ್ಯಾನ್ ಅರ್ಧ ಸುತ್ತು ತಿರುಗುತ್ತದೆ ಅಂದಮೇಲೆ ಬಟನ್ ಸರಿ ಇದೆ, ಎಸ್‌ಎಂಪಿಎಸ್ ಚಾಲೂ ಕೂಡ ಆಗುತ್ತಿದೆ. ಚಾಲೂ ಆದ ಕೂಡಲೇ ಎಲ್ಲೋ ಶಾರ್ಟ್ ಸರ್ಕ್ಯೂಟ್ ಕಂಡು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿದೆ. ಹಾಗೆ ಬಂದ್ ಆದರೆ ಲಾಕ್ ಆಗಿ ಕೂರುತ್ತದೆ, ಹಿಂದಿನ ಸ್ವಿಚ್ ಆಫ್ ಮಾಡಿ ಹಾಕುವ ತನಕ ಬಟನ್ನಿಗೆ ಮರ್ಯಾದೆ ಕೊಡುವುದಿಲ್ಲ. ಅದು ಕೆಟ್ಟ ಎಸ್‌ಎಂಪಿಎಸ್‌ನ ಗುರುತಲ್ಲ, ಬಹಳ ಸಲ ಒಳ್ಳೆಯದರ ಗುರುತು.

8 ಪಿನ್ ಹಾಕಿಲ್ಲದಿದ್ದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಆದರೂ ನೋಡಿಕೊ.

ಈಗ ಶಾರ್ಟ್ ಎಲ್ಲಿದೆ ಅಂತ ಹುಡುಕಬೇಕು. ಗೋಡೆಯಿಂದ ಪ್ಲಗ್ ಕಿತ್ತು ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಮುಂದಿನ ಯುಎಸ್‌ಬಿ ಕೇಬಲ್ ಎಲ್ಲ ಬಿಚ್ಚು. ಯುಎಸ್‌ಬಿಯನ್ನು ಸುಮ್ನೆ ಹೇಳುತ್ತಿಲ್ಲ. ಹಳೇ ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಕಿಂಡಿಯೊಳಗೆ ತಗಡು ಬಾಗಿ 5 ವೋಲ್ಟಿಗೆ ತಾಗಿದ್ದ ಮಷಿನ್‌ಗಳು ನನ್ನ ಬೆಂಚಿಗೆ ಎಷ್ಟೋ ಬಂದಿವೆ. ಅಂಥವು ಕೂಡ ಆನ್ ಆಗುವುದಿಲ್ಲ. ಬೋರ್ಡು, ಸಿಪಿಯು, ಕೂಲರ್, ಒಂದೇ ಒಂದು ರ‍್ಯಾಮ್, ಇಷ್ಟು ಉಳಿಸಿಕೊಂಡು ಬಟನ್ ಒತ್ತು.

ಆಗಲೂ ಹಾಗೇ ಆದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷೆ ಮಾಡು. ಪ್ಲಗ್ ಕಿತ್ತು ಕೇಬಲ್‌ಗಳನ್ನೆಲ್ಲ ಬೋರ್ಡಿನಿಂದ ಬಿಚ್ಚಿ, 24 ಪಿನ್ ಕನೆಕ್ಟರಿನಲ್ಲಿ ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಒಂದು ಜೆಮ್ ಕ್ಲಿಪ್ಪಿನಿಂದ ಸೇರಿಸು, ಆಮೇಲೆ ಪ್ಲಗ್ ಹಾಕು. ಈಗಿನವುಗಳಲ್ಲಿ ಎಲ್ಲ ವೈರೂ ಕಪ್ಪೇ, ಹಾಗಾಗಿ ಬಣ್ಣ ನಂಬಬೇಡ, 16ನೇ ಪಿನ್ ಹುಡುಕು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಆದರೆ ಆ ಚಿತ್ರ ಸಾಕೆಟ್ಟಿನದ್ದು, ಕನೆಕ್ಟರನ್ನು ಮುಖದ ಕಡೆಯಿಂದ ನೋಡಿದರೆ ಎಡಬಲ ಅದಲು ಬದಲು ಆಗುತ್ತದೆ, ಅದು ನೆನಪಿರಲಿ. ಕಡಿಮೆ ಲೋಡಿನಲ್ಲಿ ಫ್ಯಾನ್ ತಿರುಗಿಸದ ಎಸ್‌ಎಂಪಿಎಸ್‌ಗಳೂ ಇವೆ, ಆದ್ದರಿಂದ ಮಲ್ಟಿಮೀಟರ್ ಹಿಡಿದೇ ನೋಡು. 12 ವೋಲ್ಟ್ ಇರುವ ಕಡೆ 11.4ರಿಂದ 12.6ರ ಒಳಗೆ, 5 ವೋಲ್ಟ್ ಕಡೆ 4.75ರಿಂದ 5.25ರ ಒಳಗೆ ಇದ್ದರೆ ಸದ್ಯಕ್ಕೆ ಪಾಸು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ತಾಮ್ರದ ತಂತಿ

ನಡುವೆ ಒಂದು ಪ್ರಶ್ನೆ. ನಿಮ್ಮ ಎಸ್‌ಎಂಪಿಎಸ್ ಮಾಡ್ಯುಲರಾ, ಅಂದರೆ ಕೇಬಲ್ ಬಿಚ್ಚಿ ಹಾಕುವ ಥರದ್ದಾ? ಹೌದಾದರೆ ಹಳೇ ಪಿಸಿಯ ಕೇಬಲ್ ಒಂದಾದರೂ ಇದರಲ್ಲಿ ಉಳಿದಿದೆಯಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಬೋರ್ಡ್ ಕಡೆಯ ಕನೆಕ್ಟರ್ ಎಲ್ಲ ಕಂಪನಿಗಳಲ್ಲೂ ಒಂದೇ, ಆದರೆ ಎಸ್‌ಎಂಪಿಎಸ್ ಕಡೆಗೆ ಸಿಕ್ಕಿಸುವ ತುದಿಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ಲಿಗೇ ಹೊಂದದೆ ಹೋಗಬಹುದು. ಕಿಂಡಿಯಲ್ಲಿ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬರುತ್ತದೆ. ನಮ್ಮ ಕಸಿನ್ ಮನೆಯಲ್ಲಿ ಹೀಗೇ ಆಗಿ ಹಾರ್ಡ್ ಡಿಸ್ಕ್ ಸುಟ್ಟುಹೋಯಿತು, ಮಕ್ಕಳ ಸಣ್ಣವರಿದ್ದಾಗಿನ ಫೋಟೋ ಪೂರ್ತಿ ಅದರಲ್ಲೇ ಇತ್ತು. ದಯವಿಟ್ಟು ಪ್ರತಿ ಕೇಬಲ್ಲನ್ನೂ ಎರಡೂ ತುದಿ ನೋಡಿ, ಡಬ್ಬಿಯಲ್ಲಿ ಬಂದದ್ದೇ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಮತ್ತೆ ಪವರ್ ಕೊಡಿ.

ಸಾಗರದವ

ಮೇಡಂ, ಮಾಡ್ಯುಲರ್ ಅಲ್ಲ, ಕೇಬಲ್ ಎಲ್ಲ ಅದರಿಂದಲೇ ಬಂದಿರುವುದು. 8 ಪಿನ್ ಕೂಡ ಸರಿಯಾದದ್ದೇ, ಕ್ಲಿಕ್ ಅನ್ನುವ ತನಕ ಒತ್ತಿದ್ದೇನೆ.

ಬೆಂಚು ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಎಲ್ಲ ಬಿಚ್ಚಿ ಒಂದು ರ‍್ಯಾಮ್ ಇಟ್ಟು ಒತ್ತಿದರೂ ಅದೇ ಅರ್ಧ ಸುತ್ತು. ಎಸ್‌ಎಂಪಿಎಸ್ ಒಂದನ್ನೇ ನೋಡಿದಾಗ ಅದರ ಫ್ಯಾನ್ ಆರಾಮಾಗಿ ತಿರುಗಿತು, 12.1 ಮತ್ತು 5.06 ತೋರಿಸಿತು. ಅಂದರೆ ಬೋರ್ಡೇ ಹೋಯಿತು ಅಂತ ಅರ್ಥವಾ?

ಹುಬ್ಬಳ್ಳಿ ಬೆಂಚು

ಇನ್ನೂ ಇಲ್ಲ. ಬೋರ್ಡು ಇರಬಹುದು, ಬೋರ್ಡಿಗೆ ತಾಗಿರುವ ಯಾವುದೋ ಇರಬಹುದು. ಇವೆರಡನ್ನು ಬೇರೆ ಮಾಡುವ ಕೆಲಸ ಈಗ.

ಪ್ಲಗ್ ತೆಗಿ, 24 ಪಿನ್ನೂ 8 ಪಿನ್ನೂ ಬಿಚ್ಚು. ಬೋರ್ಡು ಕ್ಯಾಬಿನೆಟ್ಟಿನಲ್ಲೇ ಇರಲಿ. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಬೋರ್ಡಿನ ಸಾಕೆಟ್ಟಿನಲ್ಲಿ 12 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಕಡ್ಡಿ ಇಡು. 24 ಪಿನ್ನಿನಲ್ಲಿ 10 ಮತ್ತು 11ನೆಯದು 12 ವೋಲ್ಟ್. 8 ಪಿನ್ ಸಾಕೆಟ್ಟಿನಲ್ಲೂ ಬೇರೆಯಾಗಿ ನೋಡು. ಕೆಪಾಸಿಟರ್ ತುಂಬುವಾಗ ಒಂದು ಕ್ಷಣ ಬೀಪ್ ಅನ್ನಬಹುದು, ಅದು ಲೆಕ್ಕಕ್ಕಿಲ್ಲ. ಬಿಡದೆ ಕೂಗಿದರೆ ಶಾರ್ಟ್.

ಆಮೇಲೆ ಬೋರ್ಡನ್ನು ಹೊರಗೆ ತೆಗೆದು ಅದರದ್ದೇ ರಟ್ಟಿನ ಡಬ್ಬಿಯ ಮೇಲಿಟ್ಟು ಇದೇ ಜಾಗದಲ್ಲಿ ಮತ್ತೆ ನೋಡು. ಬೋರ್ಡಿಗೆ ಸುತ್ತಿ ಬಂದ ಬೂದು ಬಣ್ಣದ ಕವರಿನ ಮೇಲೆ ಇಡಬೇಡ, ಆ ಕವರಿನ ಹೊರಮೈಯಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತದೆ. ರಟ್ಟೇ ಒಳ್ಳೆಯದು.

ಹೊರಗಿಟ್ಟಾಗಲೂ 8 ಪಿನ್ ಕೂಗಿದರೆ ಸಿಪಿಯು ಪಕ್ಕದ ಮಾಸ್ಫೆಟ್ (ಅದಕ್ಕೆ ಕರೆಂಟ್ ಹದ ಮಾಡಿ ಕೊಡುವ ಬಿಡಿಭಾಗ) ಹೋಗಿರುವ ಸಾಧ್ಯತೆ ಜಾಸ್ತಿ, ಆಗ ಬೋರ್ಡ್ ವಾಪಸ್ ಕಳಿಸು. ಹೊರಗೆ ಕೂಗದಿದ್ದರೆ ಕೇಬಲ್ ಸಿಕ್ಕಿಸಿ, ಪವರ್ ಸ್ವಿಚ್ಚಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಒಂದು ಸಲ ತಾಗಿಸು. ನಿನ್ನ 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಡಿಸ್‌ಪ್ಲೇ ಬರಲಿಲ್ಲ ಅಂತ ಹೆದರಬೇಡ. ಫ್ಯಾನ್ ನಿಲ್ಲದೆ ತಿರುಗಿ, ಬೋರ್ಡಿನ ಮೇಲೆ ವಿಜಿಎ ಅಂತ ಬರೆದಿರುವ ದೀಪ ಉರಿದರೆ ಸಾಕು, ಅಲ್ಲಿವರೆಗಿನ ಎಲ್ಲವೂ ಸರಿ ಇದೆ ಅಂತ.

ಕಾರ್ಕಳ 12

ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ನನ್ನದೂ ಮನೆಯಲ್ಲೇ ಅಸೆಂಬಲ್ ಮಾಡಿದ್ದು. ಎರಡು ವರ್ಷ ಚೆನ್ನಾಗಿ ಓಡಿತು, ಈಗ ದೀಪವೇ ಇಲ್ಲ. ಫ್ಯಾನೂ ಅಲ್ಲಾಡುವುದಿಲ್ಲ.

ತಾಮ್ರದ ತಂತಿ

ನಿಮ್ಮದು ಬೇರೆ ಜಾತಿಯ ತೊಂದರೆ. ಇದರಲ್ಲಿ ಗೋಡೆಯಿಂದ ಒಳಗೆ ಬರಬೇಕು. ಸ್ಪೈಕ್ ಬಸ್ಟರ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ, ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯಾ ನೋಡಿ, ಪವರ್ ಕೇಬಲ್ ಬದಲಿಸಿ. ಮಾನಿಟರಿನ ಪವರ್ ಕೇಬಲ್ ಸಾಮಾನ್ಯವಾಗಿ ಅದೇ ಥರದ್ದು, ಪರೀಕ್ಷೆಗೆ ಸಾಕು. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಗೆರೆ ಇರುವ ಕಡೆ ಒತ್ತಿರಬೇಕು, ಸೊನ್ನೆ ಅಂದರೆ ಆಫ್. ಇಷ್ಟಾದ ಮೇಲೂ ದೀಪ ಇಲ್ಲದಿದ್ದರೆ ಮೇಲೆ ಹೇಳಿದ 24 ಪಿನ್ ಕನೆಕ್ಟರಿನ 9ನೇ ಪಿನ್ನಿನಲ್ಲಿ 5 ವೋಲ್ಟ್ ಇದೆಯಾ ನೋಡಿ. ಅಲ್ಲಿ ಬರದಿದ್ದರೆ ಎಸ್‌ಎಂಪಿಎಸ್ ಬದಲಿಸುವುದೇ. ಸಿಡಿಲು ಬಂದ ಮಾರನೇ ದಿನ ಹೀಗಾಗಿದ್ದರೆ ಇದೇ ಇರಬೇಕು. ಅಲ್ಲಿ 5 ವೋಲ್ಟ್ ಇದ್ದರೆ ಹೊಸ ಪ್ರಶ್ನೆಯಾಗಿ ಹಾಕಿ, ಎಲ್ಲರೂ ನೋಡುತ್ತಾರೆ.

ಸಾಗರದವ

ಅಣ್ಣಾ, ಸಿಕ್ಕಿತು!

ಕ್ಯಾಬಿನೆಟ್ಟಿನೊಳಗೆ 24 ಪಿನ್ನಿನ ಹತ್ತಿರ ಬಿಡದೆ ಕೂಗಿತು, 8 ಪಿನ್ ಸುಮ್ಮನಿತ್ತು. ಹೊರಗೆ ತೆಗೆದು ರಟ್ಟಿನ ಮೇಲಿಟ್ಟರೆ ಎರಡು ಕಡೆಯೂ ಕೂಗಲಿಲ್ಲ. ಸ್ಕ್ರೂಡ್ರೈವರ್ ತಾಗಿಸಿದೆ, ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. ಕಾರ್ಡ್ ಹಾಕಿದ ಮೇಲೆ ಬಯಾಸ್ ಸ್ಕ್ರೀನೂ ಬಂತು, ತಂಗಿ ಪಕ್ಕದಲ್ಲೇ ಇದ್ದಳು, ಕುಣಿದುಬಿಟ್ಟಳು.

ಆಮೇಲೆ ಖಾಲಿ ಕ್ಯಾಬಿನೆಟ್ಟಿಗೆ ಟಾರ್ಚ್ ಹಾಕಿ ನೋಡಿದೆ. ಬೋರ್ಡ್ ಕೂರಿಸುವ ಹಿತ್ತಾಳೆ ಸ್ಟ್ಯಾಂಡಾಫ್‌ಗಳಲ್ಲಿ ಎರಡರ ಮೇಲೆ ಬೋರ್ಡಿನ ತೂತೇ ಬರುವುದಿಲ್ಲ. ಕೆಳಗಿನ ಪಿಸಿಐಇ ಸ್ಲಾಟಿನ (ಕಾರ್ಡ್ ಸಿಕ್ಕಿಸುವ ಕಿಂಡಿ) ಬೆಸುಗೆ ಕಾಲುಗಳ ಅಡಿಗೇ ಅವು ನಿಂತಿವೆ. ಒಂದರ ತಲೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಸಾಲಾಗಿ ಹೊಳೆಯುವ ಚುಕ್ಕೆಗಳು ಮೂಡಿವೆ. ಹಳೇ ಬೋರ್ಡ್ ಇದಕ್ಕಿಂತ ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್ ಆಗಿತ್ತು, ಅದಕ್ಕೆ ಹಾಕಿದ್ದು ಹಾಗೇ ಉಳಿದಿದೆ. ಎರಡನ್ನೂ ಬಿಚ್ಚಿ ತೆಗೆದೆ.

ಹುಬ್ಬಳ್ಳಿ ಬೆಂಚು

ಭಲೇ! ಎಟಿಎಕ್ಸ್ ಬೋರ್ಡು 305 ಮಿಲಿಮೀಟರ್ ಉದ್ದ, ಮೈಕ್ರೋ 244. ಮೇಲಿನ ಸಾಲುಗಳು ಹೊಂದುತ್ತವೆ, ಮೈಕ್ರೋದ ಕಡೇ ಸಾಲು ಮಾತ್ರ ಎಟಿಎಕ್ಸ್ ಬೋರ್ಡಿನ ಹೊಟ್ಟೆಯ ಕೆಳಗೆ ಬೀಳುತ್ತದೆ. ಹೊಸ ಬೋರ್ಡಿಗೆ ಹಳೇ ಕ್ಯಾಬಿನೆಟ್ ಅಂದಾಗ ಇದನ್ನು ನೋಡಲೇಬೇಕು. ಪಿಸಿಐಇ ಸ್ಲಾಟಿನ 12 ವೋಲ್ಟ್ ಬರುವುದು 24 ಪಿನ್ನಿನಿಂದ, ಅದಕ್ಕೇ 8 ಪಿನ್ ಸುಮ್ಮನಿದ್ದದ್ದು.

ಮತ್ತೆ ಕೂರಿಸುವ ಮೊದಲು ಬೋರ್ಡಿನ ಹಿಂಬದಿ ಒಮ್ಮೆ ನೋಡು, ಆ ಜಾಗದಲ್ಲಿ ಕಪ್ಪಾಗಿದೆಯಾ, ಗೆರೆ ಕಿತ್ತಿದೆಯಾ ಅಂತ. ಕೂರಿಸಿ ಸ್ಕ್ರೂ ಹಾಕಿದ ಮೇಲೆ, ಕರೆಂಟ್ ಕೊಡುವ ಮೊದಲು, ಅದೇ ಬೀಪ್ ಪರೀಕ್ಷೆ ಇನ್ನೊಂದು ಸಲ.

ಕೈಗೆ ಜುಮ್ ಅನ್ನುವುದು ಇದರ ತೊಂದರೆ ಅಲ್ಲ. ಆದರೆ ಅದನ್ನು ಬಿಡಬೇಡ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಎರಡು ಸಣ್ಣ ಕೆಪಾಸಿಟರ್ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ತಗಡಿಗೆ ಸೇರಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಹೆಚ್ಚು ಕಡಿಮೆ 230ರ ಅರ್ಧ ವೋಲ್ಟ್ ನಿಂತಿರುತ್ತದೆ. ಕರೆಂಟ್ ಬಹಳ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ನಾಳೆ ಫ್ರಿಜ್ಜಿನಲ್ಲೋ ಗೀಸರಿನಲ್ಲೋ ನಿಜವಾದ ಲೀಕೇಜ್ ಆದರೆ ಕಾಪಾಡಲು ಅರ್ಥಿಂಗೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟಿಗೆ ಅರ್ಥ್ ವೈರ್ ಬಂದಿದೆಯಾ, ಹಿತ್ತಲಿನ ಅರ್ಥ್ ಗುಂಡಿ ಒಣಗಿದೆಯಾ ಎರಡೂ ನೋಡಿಸು.

ಸಾಗರದವ

ಹಿಂಬದಿ ಏನೂ ಕಪ್ಪಾಗಿಲ್ಲ. ಕೂರಿಸಿ ಬೀಪ್ ನೋಡಿದೆ, ಸುಮ್ಮನಿದೆ. ಈಗ ವಿಂಡೋಸ್ ಇನ್‌ಸ್ಟಾಲ್ ಆಗುತ್ತಿದೆ. ಪಿಸಿ ಇರುವ ಕೋಣೆಯ ಸಾಕೆಟ್ ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್, ಅರ್ಥ್ ವೈರನ್ನೇ ಎಳೆದಿಲ್ಲ ಅಂದರು. ಮೇನ್ ಬೋರ್ಡಿನಿಂದ ಹೊಸ ವೈರ್ ಎಳೆಯಲು ನಾಳೆ ಬರುತ್ತಾರೆ, ಅಲ್ಲಿವರೆಗೆ ತಂಗಿಗೆ ಚಪ್ಪಲಿ ಹಾಕಿಕೊಂಡೇ ಕೂರಲು ಹೇಳಿದ್ದೇನೆ.

ಹುಬ್ಬಳ್ಳಿ ಬೆಂಚು

ಚಪ್ಪಲಿ ನಂಬಿ ಕೂರಿಸಬೇಡ. ಇನ್‌ಸ್ಟಾಲ್ ಮುಗಿದ ಮೇಲೆ ಪ್ಲಗ್ ತೆಗಿ, ವೈರ್ ಎಳೆದಾದ ಮೇಲೆ ಹಾಕು. ಎಳೆಯುವಾಗ ಫೇಸಿಗೂ ಅರ್ಥಿಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ಅಂತ ಅವರ ಕೈಲೇ ಅಳತೆ ಮಾಡಿಸು, 230ರ ಹತ್ತಿರ ಬರಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟಿಗಿಂತ ಜಾಸ್ತಿ ಬಂದರೆ ಗುಂಡಿಯನ್ನೂ ನೋಡಬೇಕು. ನಂಬರ್ ಇಲ್ಲೇ ಹಾಕು.