1835ರ ಕಾಲಾಣೆ: ತೊಳೆದ ನಾಣ್ಯವೇ ಎಂದು ಗುರುತಿಸುವುದು ಹೇಗೆ?

ಪ್ರಶ್ನೆ

ಈಸ್ಟ್ ಇಂಡಿಯಾ ಕಂಪನಿಯ 1835ರ ತಾಮ್ರದ ಕಾಲಾಣೆಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಸಿಂಹಗಳೂ ಅಕ್ಷರಗಳೂ ಸಾಕಷ್ಟು ಸವೆದಿದ್ದರೂ ನಾಣ್ಯವಿಡೀ ಒಂದೇ ಸಮನೆ ನಸುಗೆಂಪಾಗಿ ಹೊಳೆಯುತ್ತಿದೆ. ಇದು ಟಂಕಸಾಲೆಯ ಮೂಲ ಹೊಳಪೆಂದು ಮಾರುವವರು ಹೇಳುತ್ತಾರೆ. ತೂಕ 6.4 ಗ್ರಾಂ ಇದೆ. ನಾಣ್ಯಕ್ಕೆ ಹಾನಿಯಾಗದಂತೆ ಇದನ್ನು ಪರೀಕ್ಷಿಸುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ವಿವರಣೆಯಲ್ಲೇ ಉತ್ತರದ ಬಹುಪಾಲು ಇದೆ. ಅಚ್ಚೊತ್ತಿದಾಗಿನ ಕೆಂಪು ಇಷ್ಟು ಕಾಲ ಉಳಿದಿದ್ದರೆ ಅದು ಬೆರಳು ತಾಗದ ಅಕ್ಷರಗಳ ಸಂದಿಯಲ್ಲಿ, ಎಲೆಮಾಲೆಯ ತಗ್ಗುಗಳಲ್ಲಿ ಉಳಿದಿರಬೇಕೇ ಹೊರತು ಚಲಾವಣೆಯಲ್ಲಿ ಸವೆದ ಉಬ್ಬುಗಳ ಮೇಲಲ್ಲ. ಗಾಳಿಗೆ ಒಡ್ಡಿಕೊಂಡ ತಾಮ್ರದ ಮೇಲೆ ಆಕ್ಸೈಡಿನ ಕಂದು ಪದರ ಕಟ್ಟಿ ಕ್ರಮೇಣ ಗಾಢವಾಗುತ್ತದೆ. ಹುಣಸೆಹಣ್ಣು ಅಥವಾ ನಿಂಬೆರಸದ ಆಮ್ಲ ಆ ಪದರವನ್ನು ಕರಗಿಸಿದಾಗ ಒಳಗಿನ ಲೋಹ ಹೀಗೆ ನಸುಗೆಂಪಾಗಿ ಕಾಣಿಸಿಕೊಳ್ಳುತ್ತದೆ. ದೇವರ ಮನೆಯ ತಂಬಿಗೆ, ತಟ್ಟೆಗಳ ಜೊತೆಗೆ ಹಳೆಯ ಕಾಸುಗಳನ್ನೂ ಹುಣಸೆಹಣ್ಣು ಹಾಕಿ ಬೆಳಗುವ ರೂಢಿ ನಮ್ಮಲ್ಲಿ ಇರುವುದರಿಂದ, ಯಾವ ಮೋಸದ ಉದ್ದೇಶವೂ ಇಲ್ಲದೆ ಹೀಗಾದ ನಾಣ್ಯಗಳೂ ಇವೆ.

ಒಂದೇ ದೀಪದ ಕೆಳಗೆ, 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಮೂಲ ಹೊಳಪಿದ್ದರೆ ಬೆಳಕಿನ ಪಟ್ಟೆಯೊಂದು ನಾಣ್ಯದ ಜೊತೆಗೆ ಸುತ್ತುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳೇ ಅದಕ್ಕೆ ಕಾರಣ. ಉಜ್ಜಿದ ನಾಣ್ಯದಲ್ಲಿ ಈ ಚಲನೆ ಇರುವುದಿಲ್ಲ. ಬದಲಿಗೆ ಒಂದೇ ದಿಕ್ಕಿಗೆ ಸಾಗಿ ಅಕ್ಷರದ ಬುಡದಲ್ಲಿ ನಿಂತುಬಿಡುವ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಪಾಲಿಶ್ ಬಳಸಿದ್ದರೆ ಮೂಲೆಗಳಲ್ಲಿ ಅದರ ಬಿಳಿ ಪುಡಿ ಉಳಿದಿರಬಹುದು. ಆಮ್ಲದಲ್ಲಿ ಹೆಚ್ಚು ಹೊತ್ತು ನೆನೆಸಿದ್ದರೆ ಮೈಯೆಲ್ಲ ಸಣ್ಣ ಸಣ್ಣ ಗುಳಿಗಳು ಬಿದ್ದಿರುತ್ತವೆ.

ಉತ್ತರ 2

ಮೇಲಿನ ಮಾತು ಸರಿ, ಆದರೆ ಕಂದು ಬಣ್ಣವಿದ್ದ ಮಾತ್ರಕ್ಕೆ ನಾಣ್ಯವನ್ನು ಮುಟ್ಟಿಲ್ಲವೆಂದು ನಂಬಬಾರದು. ತೊಳೆದ ಮೇಲೆ ಗಂಧಕದ ಸಂಯುಕ್ತಗಳಿಂದ ಮತ್ತೆ ಕಪ್ಪಾಗಿಸುವವರಿದ್ದಾರೆ. ಸಹಜ ಬಣ್ಣ ತಗ್ಗಿನಲ್ಲಿ ಗಾಢವಾಗಿಯೂ ಉಬ್ಬಿನಲ್ಲಿ ತಿಳಿಯಾಗಿಯೂ ಇರುತ್ತದೆ. ಬಳಿದ ಬಣ್ಣ ಸಾಮಾನ್ಯವಾಗಿ ಎಲ್ಲೆಡೆ ಒಂದೇ ಆಗಿದ್ದು ಹಳೆಯ ಗೀರುಗಳ ಒಳಗೂ ಇಳಿದಿರುತ್ತದೆ. ಅಂಚನ್ನು ನೋಡಲು ಮರೆಯಬೇಡಿ. ತೂಕದಿಂದ ಏನೂ ತೀರ್ಮಾನವಾಗದು: ಈ ನಾಣ್ಯದ ನಿಗದಿತ ತೂಕ 100 ಗ್ರೇನ್, ಅಂದರೆ ಸುಮಾರು 6.48 ಗ್ರಾಂ, ಮತ್ತು ಅಷ್ಟು ಕೊರತೆ ಬರೀ ಸವೆತದಿಂದಲೂ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗೀರುಗಳು ನೀವು ಹೇಳಿದಂತೆಯೇ ಇವೆ. ಇಸವಿಯ ಅಂಕಿಗಳ ಬಳಿ ತಿಳಿಹಸಿರು ಪುಡಿಯೂ ಕಂಡಿತು.

ಉತ್ತರ 1

ಗಟ್ಟಿಯಾಗಿ ಅಂಟಿಕೊಂಡ ಗಾಢ ಹಸಿರು ಕಿಲುಬಿನಿಂದ ಅಷ್ಟು ಭಯವಿಲ್ಲ. ಆದರೆ ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕ್ಲೋರೈಡಿನ ಸೂಚನೆಯಾಗಿರಬಹುದು. ತೇವ ಸಿಕ್ಕಂತೆಲ್ಲ ಅದು ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಕೊಳ್ಳುವುದಾದರೆ ತೊಳೆದ ನಾಣ್ಯದ ಬೆಲೆಯನ್ನಷ್ಟೇ ಕೊಡಿ, ಉಳಿದ ಸಂಗ್ರಹದಿಂದ ದೂರವಾಗಿ ಒಣ ಡಬ್ಬಿಯಲ್ಲಿಡಿ, ಮತ್ತೊಮ್ಮೆ ಉಜ್ಜಲು ಮಾತ್ರ ಹೋಗಬೇಡಿ.